ಕಾಫಿಗೆ ಮುಂಚಿನ ಅರ್ಧ ಗಂಟೆ

ಮೊಣಕೈ ಮಡಿಕೆಯಲ್ಲಿ ಹತ್ತಿಯ ಒಂದು ಚಿಕ್ಕ ಉಂಡೆ ಇಟ್ಟುಕೊಂಡು, ಕೈ ಮಡಚಿಕೊಂಡೇ ಮನೆಗೆ ಬಂದಿದ್ದೇನೆ. ರಕ್ತ ತೆಗೆದ ಹುಡುಗಿ, "ಐದು ನಿಮಿಷ ಒತ್ತಿ ಹಿಡ್ಕೊಂಡು ಆಮೇಲೆ ಬಿಸಾಕ್ಬಿಡಿ ಆಂಟಿ" ಎಂದಿದ್ದಳು. ಜಯನಗರದ ಆ ಲ್ಯಾಬಿನಿಂದ ಶ್ರೀನಗರದ ನಮ್ಮ ಮನೆಗೆ ಐದು ನಿಮಿಷದಲ್ಲಿ ಯಾರೂ ಬಂದವರಿಲ್ಲ. ಬಸ್ಸಿನಲ್ಲಿ ಬಿಸಾಕುವುದು ಮರೆತುಹೋಗಿ, ಈಗ ಅಡುಗೆಮನೆಯಲ್ಲಿ ಕೈ ನೀಡಿದಾಗ ಹತ್ತಿ ನೆಲಕ್ಕೆ ಬಿತ್ತು. ಎತ್ತಿಕೊಂಡು ಮೂಸಿ ನೋಡಿದೆ. ಯಾಕೆ ಮೂಸಿದೆ ಎಂದು ನಗಬೇಡಿ. ಅದನ್ನು ಹೇಳಲೆಂದೇ ಮಗಳ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳನ್ನು ಹುಡುಕಿಕೊಂಡು ಕೂತಿದ್ದೇನೆ.

ಸ್ಪಿರಿಟ್ಟಿನ ಆ ವಾಸನೆ ನಿಮಗೂ ಗೊತ್ತಿರುತ್ತದೆ. ಕೆಲವರಿಗೆ ಅದರಿಂದ ಸೂಜಿಯ ನೆನಪಾಗುತ್ತದೆ, ಕೆಲವರಿಗೆ ಹೆರಿಗೆ ವಾರ್ಡಿನ ನೆನಪು. ನನಗೆ ನಮ್ಮ ಅತ್ತೆಯ ನೆನಪು. ಹದಿಮೂರು ವರ್ಷ, ನಾನು ಪರೀಕ್ಷೆಗೆ ರಕ್ತ ಕೊಟ್ಟಾಗಲೆಲ್ಲ ಆ ಹತ್ತಿಯನ್ನು ತಮ್ಮ ಹೆಬ್ಬೆರಳಿನಿಂದ ಒತ್ತಿ ಹಿಡಿದು ಬಸ್‌ಸ್ಟಾಪಿನವರೆಗೂ ನಡೆಸಿಕೊಂಡು ಬರುತ್ತಿದ್ದವರು ಅವರು. "ಬಿಡಿ ಅತ್ತೆ, ನಾನೇ ಹಿಡ್ಕೋತೀನಿ" ಎಂದರೆ, "ನೀನು ಮಾತಾಡ್ತಾ ಮಾತಾಡ್ತಾ ಬಿಟ್ಬಿಡ್ತೀಯ" ಎನ್ನುತ್ತಿದ್ದರು. ದಾರಿಯುದ್ದಕ್ಕೂ ಮಾತಾಡುತ್ತಿದ್ದವರು ಅವರೇ. ಹಿಡಿತ ಮಾತ್ರ ಸಡಿಲವಾಗುತ್ತಿರಲಿಲ್ಲ.

ಅವರು ಹೋಗಿ ನಾಲ್ಕು ತಿಂಗಳಾಯಿತು. ಇವತ್ತು ಮೊದಲ ಸಲ ಒಬ್ಬಳೇ ಹೋಗಿ ರಕ್ತ ಕೊಟ್ಟು ಬಂದೆ. ರಿಪೋರ್ಟು ಸಂಜೆ ಐದಕ್ಕೆ.

ನಾನು ಸೀರೆಗಳಿಗೆ ಫಾಲ್ಸ್ ಹಚ್ಚುವ, ಸೆರಗಿಗೆ ಕುಚ್ಚು ಕಟ್ಟುವ ಕೆಲಸ ಮಾಡುತ್ತೇನೆ. ಓದಿದ್ದು ಎಸ್ಸೆಸ್ಸೆಲ್ಸಿ. ಕೂತು ಮಾಡುವ ಕೆಲಸವಾದ್ದರಿಂದ ಮೈ ಹೇಗಿದೆ ಎಂದು ಹೊಲಿಗೆಯೇ ಹೇಳಿಬಿಡುತ್ತದೆ. ಈ ನಾಲ್ಕು ತಿಂಗಳಿಂದ ನನ್ನ ಹೊಲಿಗೆ ಸರಿಯಿಲ್ಲ. ಒಂದು ಗೇಣು ಹೊಲಿಯುವಷ್ಟರಲ್ಲಿ ತೂಕಡಿಕೆ. ಬೆಳಿಗ್ಗೆ ಏಳುವುದಕ್ಕೆ ಮನಸ್ಸಿಲ್ಲ, ಎದ್ದರೆ ಕಾಲು ತಣ್ಣಗೆ, ಯಾರಾದರೂ ಮಾತಾಡಿಸಿದರೆ ಉತ್ತರ ಎಲ್ಲೋ ದೂರದಿಂದ ನಡೆದುಕೊಂಡು ಬರಬೇಕು. ನಮ್ಮ ಯಜಮಾನರು ಹೆಚ್ಚು ಮಾತಿನವರಲ್ಲ. ಮೂರು ದಿನ ನನ್ನನ್ನೇ ನೋಡಿ, ನಾಲ್ಕನೇ ದಿನ, "ಒಂದ್ಸಲ ಟೆಸ್ಟ್ ಮಾಡಿಸ್ಬಿಡು" ಎಂದರು.

ಅವರು ಹಾಗೆಂದದ್ದಕ್ಕೆ ಕಾರಣವಿದೆ. ಹದಿಮೂರು ವರ್ಷದ ಹಿಂದೆ ಇದೇ ನಿದ್ದೆ, ಇದೇ ತಣ್ಣನೆ ಕಾಲು, ಇದೇ ಸೊಟ್ಟ ಹೊಲಿಗೆ ನನಗೆ ಬಂದಿತ್ತು. ಆಗ ಅದಕ್ಕೆ ಕಾರಣ ಕತ್ತಿನೊಳಗಿನ ಒಂದು ಗ್ರಂಥಿ. ಈಗಲೂ ಅದೇ ಇದ್ದರೆ ಸುಲಭ, ಮಾತ್ರೆಯ ಅಳತೆ ಸ್ವಲ್ಪ ಹೆಚ್ಚಿಸಿದರೆ ಮುಗಿಯಿತು. ಆದರೆ ನಿಜ ಹೇಳುತ್ತೇನೆ, ಅಷ್ಟು ಸುಲಭವಾಗಿ ಮುಗಿಯುವುದು ನನಗೆ ಬೇಡವಾಗಿದೆ. ಅತ್ತೆ ಹೋದ ದಿನ ನನಗೆ ಅಳು ಬರಲಿಲ್ಲ. ಹನ್ನೊಂದನೇ ದಿನಕ್ಕೂ ಬರಲಿಲ್ಲ, ಇವತ್ತಿನವರೆಗೂ ಬಂದಿಲ್ಲ. ಈ ಭಾರವೂ ಗ್ರಂಥಿಯದ್ದೇ ಎಂದು ರಿಪೋರ್ಟು ಹೇಳಿಬಿಟ್ಟರೆ, ಅತ್ತೆಗೋಸ್ಕರ ನನ್ನಲ್ಲಿ ಏನೂ ಇರಲಿಲ್ಲ ಎಂದ ಹಾಗಾಗುತ್ತದೆ. ಸಂಜೆ ಐದಕ್ಕೆ ಗೊತ್ತಾಗಬೇಕಾದ್ದು ಅದು.

ಅಲ್ಲಿಯವರೆಗೆ ಹಳೆಯದನ್ನು ಹೇಳುತ್ತೇನೆ.

ನನ್ನ ತವರು ಉತ್ತರಹಳ್ಳಿ. ಈಗ ಅಲ್ಲಿ ಸಾಲು ಸಾಲು ಅಪಾರ್ಟ್‌ಮೆಂಟು. ನನ್ನ ಕಾಲಕ್ಕೆ ಕೊನೆಯ ಬಸ್ಸು ತಪ್ಪಿದರೆ ನೆಂಟರ ಮನೆಯಲ್ಲೇ ಉಳಿಯಬೇಕಾದ ಊರು. ತೊಂಬತ್ತೆರಡರಲ್ಲಿ ಮದುವೆಯಾಗಿ ಶ್ರೀನಗರಕ್ಕೆ ಬಂದೆ. ಮನೆಯಲ್ಲಿ ಅತ್ತೆ, ಯಜಮಾನರು, ಒಬ್ಬಳು ನಾದಿನಿ. ಮಾವ ಮೊದಲೇ ತೀರಿಕೊಂಡಿದ್ದರು. ಯಜಮಾನರಿಗೆ ಫ್ಯಾಕ್ಟರಿಯಲ್ಲಿ ಮೊದಲ ಶಿಫ್ಟು, ಆರು ಗಂಟೆಗೆ ಫ್ಯಾಕ್ಟರಿ ಬಸ್ಸು. ಅಂದರೆ ಐದಕ್ಕೆ ಒಲೆ ಹತ್ತಲೇಬೇಕು. ಅತ್ತೆಯ ಬಾಯಿ ಆ ರಸ್ತೆಗೆಲ್ಲ ಪ್ರಸಿದ್ಧ. ನೀರು ಬರುವ ದಿನ ಅವರು ಕೊಡ ಹಿಡಿದು ಹೊರಗೆ ಬಂದರೆ ಸಾಲು ತಾನೇ ನೆಟ್ಟಗಾಗುತ್ತಿತ್ತು. ಆದರೂ ಮೊದಲ ಎರಡು ವರ್ಷ ನಮ್ಮಿಬ್ಬರಿಗೂ ಜಗಳವಾಗಲಿಲ್ಲ. ಫಾಲ್ಸ್ ಹಚ್ಚುವುದನ್ನು ನನಗೆ ಕಲಿಸಿದವರೂ ಅವರೇ.

ಮಗಳು ಹುಟ್ಟಿದ ಮೇಲೆ ನನಗೆ ನಿದ್ದೆ ಹಿಡಿಯಿತು. ಬಾಣಂತಿಗೆ ನಿದ್ದೆ ಇರುತ್ತದೆ ಎಂದರು. ಮಗುವಿಗೆ ಒಂದು ವರ್ಷವಾಯಿತು, ನಿದ್ದೆ ಹೋಗಲಿಲ್ಲ. ತಲೆ ಬಾಚಿದರೆ ಬಾಚಣಿಗೆ ತುಂಬ ಕೂದಲು. ಬೇಸಿಗೆಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ. ಧ್ವನಿ ಒಡೆದು, ಫೋನಿನಲ್ಲಿ ನಮ್ಮಪ್ಪ ನನ್ನನ್ನು ಅಳಿಯ ಎಂದುಕೊಂಡು "ಚೆನ್ನಾಗಿದೀರಾ?" ಎಂದು ಬಹುವಚನದಲ್ಲಿ ಮಾತಾಡಿಸಿದ್ದರು. ಬೆಳಿಗ್ಗೆ ಐದಕ್ಕೆ ಏಳುವುದು ಆರಾಯಿತು, ಆಮೇಲೆ ಏಳಾಯಿತು. ಯಜಮಾನರಿಗೆ ಅತ್ತೆಯೇ ತಿಂಡಿ ಮಾಡಿ ಕಳಿಸತೊಡಗಿದರು. ನಾನು ಕಣ್ಣುಜ್ಜುತ್ತ ಬಂದಾಗ ಪಾತ್ರೆ ಸದ್ದು ಜೋರಾಗುತ್ತಿತ್ತು.

"ಅಮ್ಮಣ್ಣಿಯೋರಿಗೆ ಈಗ ಬೆಳಗಾಯ್ತಾ? ಹಾಸಿಗೆಗೇ ತಟ್ಟೆ ತಂದುಕೊಡ್ಲಾ?"

ಅಮ್ಮಣ್ಣಿ ಎಂದರೆ ನಮ್ಮ ಕಡೆ ಮುದ್ದಿನ ಹೆಸರು. ಅವರು ಅದನ್ನು ಹೇಳುವ ರೀತಿಯಲ್ಲಿ ಮುದ್ದು ಒಂದು ಚೂರೂ ಇರಲಿಲ್ಲ.

ನಾನು ಉತ್ತರ ಕೊಡುತ್ತಿರಲಿಲ್ಲ. ಒಳ್ಳೆಯತನದಿಂದಲ್ಲ, ಉತ್ತರ ಹೊಳೆಯುವಷ್ಟರಲ್ಲಿ ಅವರು ಹಿತ್ತಿಲಿಗೆ ಹೋಗಿಬಿಟ್ಟಿರುತ್ತಿದ್ದರು. ಅದನ್ನು ಅವರು ಕೊಬ್ಬು ಎಂದುಕೊಂಡರು. ನಾನೂ ನನ್ನ ಬಗ್ಗೆ ಬೇರೆ ಏನೂ ಅಂದುಕೊಳ್ಳಲಿಲ್ಲ. ನಾನು ಸೋಮಾರಿ, ಮೊದಲು ಒಳ್ಳೆಯವಳ ಹಾಗೆ ನಟಿಸಿದ್ದೆ, ಈಗ ನಿಜ ಬಣ್ಣ ಹೊರಗೆ ಬಂದಿದೆ ಎಂದೇ ನಂಬಿದ್ದೆ. ನಮ್ಮ ಮೈಯೇ ನಮ್ಮ ಮೇಲೆ ಚಾಡಿ ಹೇಳಿದರೆ ಯಾರ ಮಾತು ನಂಬುವುದು ಹೇಳಿ?

ತೊಂಬತ್ತಾರರಲ್ಲಿ ನಾದಿನಿಯ ಮದುವೆ ನಿಶ್ಚಯವಾಯಿತು. ಒಂದು ದಿನ ಅತ್ತೆ ಜೋರು ಮಾಡದೆ, ಮೆಲ್ಲಗೆ ಹೇಳಿದರು: "ಮದುವೆ ಒಂದು ಮುಗೀಲಿ. ನಿಮ್ಮಪ್ಪನ್ನ ಕರೆಸ್ತೀನಿ. ಸ್ವಲ್ಪ ದಿನ ಅಲ್ಲೇ ಇದ್ದು ಬಾ." ಸ್ವಲ್ಪ ದಿನ ಎಂದರೆ ಎಷ್ಟು ದಿನ ಎಂದು ನಾನು ಕೇಳಲಿಲ್ಲ. ನಮ್ಮ ಬೀದಿಯಲ್ಲೇ ಒಬ್ಬಾಕೆ ಹಾಗೆ ಸ್ವಲ್ಪ ದಿನಕ್ಕೆಂದು ತವರಿಗೆ ಹೋಗಿ ಆರು ವರ್ಷವಾಗಿತ್ತು.

ಮದುವೆಯ ಬೆಳಿಗ್ಗೆ, ಜೆ.ಪಿ. ನಗರದ ಛತ್ರದ ಒಂದು ಕೋಣೆಯಲ್ಲಿ ಅತ್ತೆ ನನ್ನನ್ನು ಕೂರಿಸಿ ಅಡ್ಡಿಕೆ ಹಾಕಲು ಬಂದರು. ಅಡ್ಡಿಕೆ ಎಂದರೆ ಕುತ್ತಿಗೆಗೆ ಒತ್ತಿ ಕೂರುವ ಚಿನ್ನದ ಪಟ್ಟಿ. ನನ್ನ ಮದುವೆಗೂ ಅದನ್ನೇ ಹಾಕಿದ್ದರು, ಆಗ ಎರಡು ಬೆರಳು ಸಡಿಲವಿತ್ತು. ಈಗ ಹಿಂದಿನ ಕೊಂಡಿ ಕೂರಲೊಲ್ಲದು.

"ತಿಂದು ಮಲಗಿದ್ರೆ ಇನ್ನೇನಾಗುತ್ತೆ" ಎನ್ನುತ್ತ ಎಳೆದರು. ನನಗೆ ಉಸಿರು ಕಟ್ಟಿ ಎಂಜಲು ನುಂಗಿದೆ. ಅವರ ಬೆರಳು ನನ್ನ ಗಂಟಲ ಮೇಲೇ ಇತ್ತು. ಎಳೆಯುವುದು ನಿಂತಿತು. ನನ್ನನ್ನು ಕಿಟಕಿಯ ಕಡೆ ತಿರುಗಿಸಿದರು.

"ಎಲ್ಲಿ, ಇನ್ನೊಂದ್ಸಲ ನುಂಗು."

ನುಂಗಿದೆ.

"ಇನ್ನೊಂದ್ಸಲ."

ಗಂಟಲ ಕೆಳಗೆ ಏನೋ ಒಂದು ಉಬ್ಬು ಮೇಲೆ ಹೋಗಿ ಕೆಳಗೆ ಬಂತು. ಅವರು ಅದನ್ನು ನೋಡಿದರು. ಅವರ ತವರಿನಲ್ಲಿ ಒಬ್ಬ ಅಜ್ಜಿಗೆ ಗಳಗಂಡವಿತ್ತಂತೆ, ಕತ್ತಿನಲ್ಲಿ ಬದನೆಕಾಯಿಯಷ್ಟು ದಪ್ಪ. ಚಿಕ್ಕವರಿದ್ದಾಗ ಆ ಅಜ್ಜಿ ಅನ್ನ ನುಂಗುವುದನ್ನು ಬೆರಗಾಗಿ ನೋಡುತ್ತಿದ್ದರಂತೆ. ಅದನ್ನೆಲ್ಲ ಅವರು ನನಗೆ ಹೇಳಿದ್ದು ಎಷ್ಟೋ ಆಮೇಲೆ. ಆವತ್ತು ಅಡ್ಡಿಕೆಯನ್ನು ಬಿಚ್ಚಿ ಚೀಲಕ್ಕೆ ಹಾಕಿ, ತಮ್ಮ ಕತ್ತಿನ ಉದ್ದನೆಯ ಸರ ತೆಗೆದು ನನಗೆ ಹಾಕಿದರು. ಮೂರನೇ ದಿನ, ಛತ್ರದ ಪಾತ್ರೆ ವಾಪಸ್ಸು ಕೊಡುವ ಮೊದಲೇ, ಬನಶಂಕರಿ ಎರಡನೇ ಹಂತದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಮ್ಮಪ್ಪನನ್ನು ಕರೆಸುವ ಮಾತು ಬರಲಿಲ್ಲ.

ಡಾಕ್ಟರು ಸಣ್ಣಗಿನ, ಆತುರವಿಲ್ಲದ ಮನುಷ್ಯ. ಕತ್ತು ಮುಟ್ಟಿ ನೋಡಿ, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ರಿಪೋರ್ಟು ಹಿಡಿದು ಮತ್ತೆ ಹೋದಾಗ ಅವರು ವಿವರಿಸಿದ್ದು ನನಗಲ್ಲ, ಅತ್ತೆಗೆ. ನಾನು ಆಗಲೂ ತೂಕಡಿಸುತ್ತಿದ್ದೆ.

"ಕತ್ತಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇದೆ ಅಮ್ಮ. ಅದು ಒಂದು ರಸ ಮಾಡಿ ರಕ್ತಕ್ಕೆ ಬಿಡುತ್ತೆ. ಅದಕ್ಕೆ ಹಾರ್ಮೋನ್ ಅಂತಾರೆ. ಮೈಯೆಲ್ಲ ಎಷ್ಟು ಉರೀಲಿ ಕೆಲಸ ಮಾಡ್ಬೇಕು ಅಂತ ಹೇಳೋದು ಅದೇ. ಗ್ಯಾಸ್ ಒಲೆ ತಿರುಗಣೆ ಇದ್ದ ಹಾಗೆ. ಇವರದ್ದು ಸಣ್ಣ ಉರಿಗೆ ಬಂದುಬಿಟ್ಟಿದೆ. ಅದಕ್ಕೇ ನಿದ್ದೆ, ಚಳಿ, ಕೂದಲು ಉದುರೋದು, ಎಲ್ಲ."

"ಸೋಮಾರಿತನ ಅಲ್ವಾ ಹಂಗಾದ್ರೆ?" ಎಂದರು ಅತ್ತೆ.

"ಸಣ್ಣ ಉರೀಲಿಟ್ಟು ಅನ್ನ ಬೇಯ್ಲಿಲ್ಲ ಅಂದ್ರೆ ಅಕ್ಕಿ ತಪ್ಪಾ?"

ಅತ್ತೆ ರಿಪೋರ್ಟಿನಲ್ಲಿ ದಪ್ಪಗೆ ಅಚ್ಚಾದ ಒಂದು ಸಂಖ್ಯೆಯ ಮೇಲೆ ಬೆರಳಿಟ್ಟು, "ರಸ ಕಮ್ಮಿ ಅಂತೀರ, ಇಲ್ಲಿ ಇಷ್ಟೊಂದು ಜಾಸ್ತಿ ಬರ್ದಿದಾರಲ್ಲ?" ಎಂದು ಕೇಳಿದರು. ಏಳನೇ ಕ್ಲಾಸು ಓದಿದವರ ಪ್ರಶ್ನೆ. ಡಾಕ್ಟರಿಗೆ ಖುಷಿಯಾಯಿತು, ಕುರ್ಚಿ ಮುಂದೆಳೆದುಕೊಂಡರು.

"ಅದು ಬೇರೆ ಗ್ರಂಥೀದು. ತಲೆ ಒಳಗೆ, ಮೆದುಳಿನ ಕೆಳಗೆ, ಬಟಾಣಿಯಷ್ಟು ಚಿಕ್ಕದು ಒಂದಿದೆ. ಮೈಯಲ್ಲಿರೋ ಎಷ್ಟೋ ಗ್ರಂಥಿಗಳಿಗೆ ಅದೇ ಯಜಮಾನಿ. ಕತ್ತಿನ ಗ್ರಂಥಿ ಕೆಲಸ ಮಾಡ್ಲಿಲ್ಲ ಅಂದ್ರೆ ಮೇಲಿಂದ ಕೂಗ್ತಾ ಇರುತ್ತೆ, ಏಳು, ಮಾಡು ಅಂತ. ಇದು ಏಳದಷ್ಟೂ ಅದರ ಕೂಗು ಜಾಸ್ತಿ. ಈ ನಂಬರು ಆ ಕೂಗಿಂದು."

ಅತ್ತೆ ಒಂದು ಕ್ಷಣ ಯೋಚಿಸಿ, "ಅಂದ್ರೆ ಒಳಗೂ ಒಬ್ಬಳು ಅತ್ತೆ, ಒಬ್ಬಳು ಸೊಸೆ ಅನ್ನಿ" ಎಂದರು.

ಡಾಕ್ಟರು ಜೋರಾಗಿ ನಕ್ಕರು. ಅತ್ತೆ ನಗದೆ ಇನ್ನೂ ಕೇಳಿದರು. "ಹಂಗಾದ್ರೆ ಅತ್ತೆ ಪೂರ್ತಿ ಬಾಯಿ ಮುಚ್ಕೊಂಡಿರೋದು ಒಳ್ಳೇದಾ?"

"ಅಯ್ಯೋ ಇಲ್ಲಮ್ಮ. ಅದೂ ಕಾಯಿಲೆನೇ. ಜೋರಾಗಿ ಕೂಗಬಾರದು, ಸುಮ್ಮನೂ ಆಗಬಾರದು. ಮೆಲ್ಲಗೆ ಕರೀತಾನೇ ಇರ್ಬೇಕು."

"ಕೇಳಿಸ್ಕೊಂಡ್ಯಾ?" ಎಂದು ಅತ್ತೆ ನನ್ನ ಕಡೆ ತಿರುಗಿದರು. ನಾನು ನಗುತ್ತಿದ್ದೆ. ತಮಾಷೆಗೆ ಅಲ್ಲ. ಕಾಯಿಲೆ ಇದೆ ಎಂದು ತಿಳಿದು ಅಷ್ಟು ಹಗುರಾದವಳು ಆ ಕ್ಲಿನಿಕ್ಕಿಗೆ ನಾನೊಬ್ಬಳೇ ಬಂದಿರಬೇಕು. ನಾನು ಕೆಟ್ಟವಳಲ್ಲ, ನನ್ನ ತಿರುಗಣೆ ಕೆಟ್ಟಿದೆ ಅಷ್ಟೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾರಿಯುದ್ದಕ್ಕೂ ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡೆ.

ಡಾಕ್ಟರು ಒಂದು ಚಿಕ್ಕ ಬಿಳಿ ಮಾತ್ರೆ ಬರೆದಿದ್ದರು. ದಿನಾ ಬೆಳಿಗ್ಗೆ ಎದ್ದ ತಕ್ಷಣ, ಬರೀ ಹೊಟ್ಟೆಗೆ, ಬರೀ ನೀರಿನಲ್ಲಿ. ಅರ್ಧ ಗಂಟೆ ಕಾಫಿ, ಹಾಲು, ತಿಂಡಿ ಏನೂ ಇಲ್ಲ. ಇಷ್ಟನ್ನೂ ಅವರು ಹೇಳಿದ್ದನ್ನು ನಾನು ನನ್ನ ಕಿವಿಯಿಂದ ಕೇಳಿದ್ದೇನೆ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಮುಂದಿನ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಮಾರನೆಯ ಬೆಳಿಗ್ಗೆ ಅತ್ತೆ ಹಾಸಿಗೆಯ ಹತ್ತಿರ ಬಂದು ನನ್ನನ್ನು ಎಬ್ಬಿಸಿದರು. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈಯಲ್ಲಿ ದೊಡ್ಡ ಲೋಟದ ತುಂಬ ಹಾಲು, ಮೇಲೆ ಕೆನೆ. "ಬರೀ ಹೊಟ್ಟೇಲಿ ಮಾತ್ರೆ ತಗೊಂಡ್ರೆ ಉಷ್ಣ ಆಗಿ ಬಾಯೆಲ್ಲ ಹುಣ್ಣಾಗುತ್ತೆ. ಡಾಕ್ಟ್ರಿಗೇನು ಗೊತ್ತು, ಗಂಡಸು. ಮೊದ್ಲು ಹಾಲು ಕುಡಿ, ಆಮೇಲೆ ನುಂಗು."

ನಮ್ಮ ಮನೆಗಳಲ್ಲಿ ಉಷ್ಣ ಎಂಬುದು ಯಾವ ಡಾಕ್ಟರಿಗಿಂತಲೂ ದೊಡ್ಡದು. ಮಾತ್ರೆ ಉಷ್ಣ, ಮಾವು ಉಷ್ಣ, ಸಿಟ್ಟೂ ಉಷ್ಣ. ಹಾಲು, ಎಳನೀರು ತಂಪು. ಆ ಲೆಕ್ಕದಲ್ಲಿ ಅವರು ಮಾಡಿದ್ದು ಸರಿಯೇ. ನನಗೆ ಮಾತ್ರ ಅದು ತಪ್ಪೆಂದು ಗೊತ್ತಿತ್ತು. ಆದರೆ ಯೋಚಿಸಿ ನೋಡಿ. ಎರಡು ವರ್ಷ ಪಾತ್ರೆ ಕುಕ್ಕಿ ಎಬ್ಬಿಸಿದ ಕೈ, ಈಗ ಕೆನೆಹಾಲು ಹಿಡಿದು ಹಾಸಿಗೆ ಪಕ್ಕ ನಿಂತಿದೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಕುಡಿದೆ. ಮಾರನೆಯ ದಿನವೂ ಕುಡಿದೆ. ಮೂರು ತಿಂಗಳು ಕುಡಿದೆ.

ಮೂರು ತಿಂಗಳಾದ ಮೇಲೆ ರಕ್ತ ನೋಡಿದರೆ ಒಳಗಿನ ಅತ್ತೆಯ ಕೂಗು ತಗ್ಗಿರಲೇ ಇಲ್ಲ. ಡಾಕ್ಟರು ಮಾತ್ರೆಯ ಅಳತೆ ಹೆಚ್ಚಿಸಿದರು. ಇನ್ನೂ ಎರಡು ತಿಂಗಳು ಬಿಟ್ಟು ನೋಡಿದರೆ ಆಗಲೂ ಬೇಕಾದಷ್ಟು ಇಳಿದಿರಲಿಲ್ಲ. ಅವರು ಪೆನ್ನು ಕೆಳಗಿಟ್ಟು, "ಮಾತ್ರೆ ತಪ್ಪಿಸ್ತಾ ಇದೀರಾ?" ಎಂದು ನನ್ನನ್ನೇ ನೋಡಿದರು.

ನನ್ನ ಬದಲು ಅತ್ತೆ ಎದೆಯುಬ್ಬಿಸಿ ಹೇಳಿದರು. "ಒಂದು ದಿನ ತಪ್ಪಿಸಿಲ್ಲ ಡಾಕ್ಟ್ರೇ. ನಾನೇ ನಿಂತ್ಕೊಂಡು ಕೊಡ್ತೀನಿ. ಉಷ್ಣ ಆಗ್ಬಾರ್ದು ಅಂತ ಮೊದ್ಲು ಗಟ್ಟಿ ಹಾಲು ಕುಡಿಸಿ, ಆಮೇಲೇ ಮಾತ್ರೆ."

ಡಾಕ್ಟರು ಎರಡೂ ಕೈಯಿಂದ ಹಣೆ ಹಿಡಿದುಕೊಂಡರು. ಬೈಯಲಿಲ್ಲ. ಹಾಲಿದ್ದರೆ ಹೊಟ್ಟೆ ಆ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಹೆಚ್ಚಿನ ಪಾಲು ಹಾಗೇ ಹೊರಗೆ ಹೋಗಿಬಿಡುತ್ತದೆ ಎಂದು ನಿಧಾನವಾಗಿ ಹೇಳಿದರು. ಅತ್ತೆಯ ಮುಖ ಸಣ್ಣದಾಯಿತು.

ಬಸ್‌ಸ್ಟಾಪಿನಲ್ಲಿ ನಮ್ಮ ಬಸ್ಸು ಎರಡು ಬಂದು ಹೋದವು. ಅವರು ಹತ್ತಲಿಲ್ಲ, ಹಾಗಾಗಿ ನಾನೂ ಹತ್ತಲಿಲ್ಲ.

"ನಿಂಗೆ ಗೊತ್ತಿತ್ತಾ?" ಎಂದರು ಕೊನೆಗೆ.

"ಗೊತ್ತಿತ್ತು ಅತ್ತೆ."

"ಮತ್ಯಾಕೆ ಕುಡಿದೆ?"

"ನೀವು ಕೊಟ್ರಲ್ಲ, ಅದಕ್ಕೆ."

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ಎಂಥಾ ಪೆದ್ದಿ ಸಿಕ್ಕಿದೀಯೇ ನಂಗೆ" ಎಂದರು. ಮೂರನೇ ಬಸ್ಸು ಬಂತು, ಹತ್ತಿದೆವು.

ಮಾರನೆಯ ದಿನ ಐದು ಗಂಟೆಗೆ ಮಾತ್ರೆಯೂ ನೀರೂ ಬಂದವು. "ಅಮ್ಮಣ್ಣೀ, ಏಳು, ಮಾತ್ರೆ." ನುಂಗಿದೆ. ಮುಂದಿನ ಅರ್ಧ ಗಂಟೆ ಏನು ಮಾಡಬೇಕೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಅತ್ತೆಗೆ ಎದ್ದ ತಕ್ಷಣ ಕಾಫಿ ಬೇಕು. ಹಲ್ಲುಜ್ಜಿ ಕಾಫಿ ಕುಡಿಯುವವರೆಗೆ ಅವರು ದೇವರಿಗೂ ಮುಖ ತೋರಿಸುತ್ತಿರಲಿಲ್ಲ. ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದು ಮನೆಯೆಲ್ಲ ಗಮಗಮ. ಯಜಮಾನರಿಗೆ ಬೆರೆಸಿ ಕೊಟ್ಟು, ತಮಗೆ ಬೆರೆಸಿಕೊಳ್ಳದೆ, ಬಾಗಿಲ ಹತ್ತಿರದ ಮೆಟ್ಟಿಲ ಮೇಲೆ ಬಂದು ಕೂತರು.

"ನೀವು ಕುಡೀರಿ ಅತ್ತೆ."

"ನೀನು ಬಾಯಿ ಬಿಟ್ಕೊಂಡು ನೋಡ್ತಾ ಕೂತಿರ್ತೀಯ, ನಂಗೆ ಗಂಟಲಲ್ಲಿ ಇಳಿಯುತ್ತಾ? ಅರ್ಧ ಗಂಟೆ ತಾನೆ. ಸಾಯಲ್ಲ."

ಆ ಅರ್ಧ ಗಂಟೆ ಹದಿಮೂರು ವರ್ಷ ನಡೆಯಿತು.

ಆ ಮೆಟ್ಟಿಲ ಮೇಲೆ ಅತ್ತೆ ಗ್ರಂಥಿಗಳ ಪಂಡಿತೆಯಾದರು. ಡಾಕ್ಟರ ಹತ್ತಿರ ಹೋದಾಗಲೆಲ್ಲ ಒಂದೊಂದು ಹೊಸ ಗ್ರಂಥಿಯ ಬಗ್ಗೆ ಕೇಳಿ ತಿಳಿದುಕೊಂಡು ಬಂದು ನಮ್ಮ ರಸ್ತೆಗೆ ಹಂಚುತ್ತಿದ್ದರು. ನಮ್ಮ ಮನೆಯ ಓನರ್ ಅಂಕಲ್‌ಗೆ ಸಕ್ಕರೆ ಕಾಯಿಲೆ ಬಂದಾಗ, "ಹೊಟ್ಟೆ ಹಿಂದೆ ಒಂದು ಗ್ರಂಥಿ ಇದೆ ಕಣ್ರೀ, ಅದು ಕೈಯೆತ್ತಿದೆ" ಎಂದು ಅವರ ಹೆಂಡತಿಗೆ ಧೈರ್ಯ ಹೇಳಿದರು. ಬೀದಿ ನಾಯಿ ಅಟ್ಟಿಸಿಕೊಂಡು ಬಂದು ಯಜಮಾನರು ಗೇಟು ಹಾರಿದ ದಿನ, ಸೊಂಟದ ಮೇಲೆ ಕೈಯಿಟ್ಟು ತೋರಿಸಿ, "ಕಿಡ್ನಿ ಮೇಲೆ ಟೋಪಿ ಹಂಗೆ ಒಂದೊಂದು ಕೂತಿರುತ್ತಂತೆ. ಭಯ ಆದ್ರೆ ರಸ ಬಿಟ್ಟು ಓಡಿಸುತ್ತೆ. ಇಲ್ದಿದ್ರೆ ನಿನ್ ಗಂಡ ಗೇಟ್ ಹಾರೋ ಮುಖಾನಾ?" ಎಂದರು. ಅರ್ಧ ಗಂಟೆ ಮುಗಿದದ್ದೇ ಗೊತ್ತಾಗಲಿಲ್ಲ ಆವತ್ತು.

ಒಂದು ಬೆಳಿಗ್ಗೆ, ಯಾವ ವರ್ಷವೋ ಮರೆತಿದ್ದೇನೆ, ಅವರು ಎದುರು ಮನೆಯ ಗೋಡೆ ನೋಡುತ್ತ ಹೇಳತೊಡಗಿದರು.

"ನಂಗೆ ನಲವತ್ತೈದು ನಲವತ್ತಾರು ಇರ್ಬೇಕು. ಮುಟ್ಟು ನಿಲ್ತಾ ಇತ್ತು. ಇದ್ದಕ್ಕಿದ್ದಂಗೆ ಎದೆಯಿಂದ ಬೆಂಕಿ ಎದ್ದಂಗಾಗೋದು ಕಣೆ. ಮೈಯೆಲ್ಲ ಬೆವರು. ನಿದ್ದೆ ಇಲ್ಲ. ಸುಮ್‌ಸುಮ್ನೆ ಅಳು, ಸುಮ್‌ಸುಮ್ನೆ ಸಿಟ್ಟು. ಮಧ್ಯಾಹ್ನದ ಹೊತ್ತು ಬಚ್ಚಲಿಗೆ ಹೋಗಿ ಸೀರೆ ಸಮೇತ ತಲೆ ಮೇಲೆ ತಣ್ಣೀರು ಸುರ್ಕೋತಿದ್ದೆ. ನಿಮ್ಮಾವ ಆಗಿನ್ನೂ ಇದ್ರು. ಹೆಂಗಸಿಗೆ ಬಾಯಿ ಜೋರಾಯ್ತು, ತಲೆ ತಿರುಗಿದೆ ಅಂದ್ರು. ಬೀದಿಯೋರೂ ಅದನ್ನೇ ಅಂದ್ರು. ಎಲ್ರೂ ಬಾಯಿ ಜೋರು ಅಂದ್ಮೇಲೆ ನಾನೂ ಜೋರು ಮಾಡ್ಕೊಂಡೆ. ಮೊನ್ನೆ ಡಾಕ್ಟ್ರನ್ನ ಕೇಳ್ದೆ. ಅದೂ ಹಾರ್ಮೋನೇ ಅಂತೆ. ಗರ್ಭಕೋಶದ ಪಕ್ಕದ ಗ್ರಂಥಿ ಕೆಲಸ ನಿಲ್ಸುವಾಗ ಹಂಗಾಗುತ್ತಂತೆ. ನನ್ನ ರಕ್ತ ಯಾರು ತೆಗೆದು ನೋಡಿದ್ರು, ಹೇಳು?"

ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲೂ ಇಲ್ಲ, ನನ್ನ ಕಡೆ ನೋಡಲೂ ಇಲ್ಲ. "ಟೈಮಾಯ್ತು, ಕಾಫಿ ಬೆರೆಸು ಹೋಗು" ಎಂದರು. ಆವತ್ತು ಕಾಫಿ ಬೆರೆಸುವಾಗ ನನಗೆ ಅನ್ನಿಸಿತು: ಆ ಛತ್ರದ ಕೋಣೆಯಲ್ಲಿ ನನ್ನ ಗಂಟಲ ಮೇಲೆ ಬೆರಳಿಟ್ಟು ಅವರು ಅಷ್ಟು ಬೇಗ ನಿಂತದ್ದು ಬರೀ ಆ ಅಜ್ಜಿಯ ನೆನಪಿನಿಂದ ಇರಲಾರದು. ತಪ್ಪು ಹೆಸರು ಹೊತ್ತುಕೊಂಡು ಬದುಕುವುದು ಎಷ್ಟು ಭಾರ ಎಂದು ಅವರ ಮೈಗೆ ಗೊತ್ತಿತ್ತು.

ನಾಲ್ಕು ತಿಂಗಳ ಹಿಂದೆ ಒಂದು ಸಂಜೆ, ಅವರೆಕಾಳು ಹಿಸುಕುತ್ತ ಕೂತಿದ್ದವರು ಹಾಗೇ ಪಕ್ಕಕ್ಕೆ ವಾಲಿದರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಮಾರನೆಯ ಬೆಳಿಗ್ಗೆ ಅವರನ್ನು ನಡುಮನೆಯಲ್ಲಿ ಮಲಗಿಸಿದ್ದರು, ಸುತ್ತ ನೆಂಟರು. ಐದು ಗಂಟೆಯಾಯಿತು. ನಾನು ಎದ್ದು ಒಳಗೆ ಹೋಗಿ, ಮಾತ್ರೆಯ ಡಬ್ಬಿ ತೆಗೆದು, ಒಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ಯೋಚಿಸಿ ಮಾಡಿದ್ದಲ್ಲ. ಕಾಲು ತಾನೇ ನಡೆಯಿತು, ಕೈ ತಾನೇ ತೆಗೆಯಿತು. ಅತ್ತೆಯ ತಂಗಿ ಬಾಗಿಲಲ್ಲಿ ನಿಂತು ನೋಡಿದ್ದರು.

"ಹೆಣ ಎತ್ತಿಲ್ಲ ಇನ್ನೂ, ಆಗ್ಲೇ ತನ್ನ ಆರೋಗ್ಯ ನೋಡ್ಕೋತಾ ಇದಾಳೆ. ಕಣ್ಣಲ್ಲಿ ಒಂದು ಹನಿ ನೀರಿಲ್ಲ" ಎಂದು ನಡುಮನೆಗೆ ಹೋಗಿ ಹೇಳಿದರು. ಮೆಲ್ಲಗೇ ಹೇಳಿದರು, ಎಲ್ಲರಿಗೂ ಕೇಳಿಸಿತು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅಕ್ಕನನ್ನು ಕಳೆದುಕೊಂಡಿದ್ದರು. ಅಲ್ಲದೆ ಅವರು ಕಂಡದ್ದನ್ನೇ ಹೇಳಿದರು. ಅಂದಿನಿಂದ ಆ ಅರ್ಧ ಗಂಟೆಯಲ್ಲಿ ನಾನು ಮೆಟ್ಟಿಲ ಮೇಲೆ ಕೂತಿಲ್ಲ. ಕಸ ಗುಡಿಸುತ್ತೇನೆ, ಬಟ್ಟೆ ನೆನೆಸುತ್ತೇನೆ, ಏನೂ ಇಲ್ಲದಿದ್ದರೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತೇನೆ.

ನಾಲ್ಕೂವರೆಯಾಯಿತು. ಹೊರಡಬೇಕು.

ಇಲ್ಲಿಗೆ ಬರೆದು ನಿನ್ನೆ ನಿಲ್ಲಿಸಿದ್ದೆ. ಈಗ ಮುಂದಿನದ್ದು.

ಲ್ಯಾಬಿನಲ್ಲಿ ಲಕೋಟೆ ಕೊಟ್ಟರು. ನಾನು ಬಿಚ್ಚಿ ನೋಡಲಿಲ್ಲ, ನೇರ ಬನಶಂಕರಿಗೆ ಹೋದೆ. ಡಾಕ್ಟರ ತಲೆ ಈಗ ಪೂರ್ತಿ ಬಿಳಿ. ಕನ್ನಡಕ ಏರಿಸಿ ಓದಿ, "ಎಲ್ಲ ಸರಿಯಾಗಿದೆಯಲ್ಲಮ್ಮ. ಎರಡು ಚಿಲ್ಲರೆ. ಎಷ್ಟಿರ್ಬೇಕೋ ಅಷ್ಟೇ ಇದೆ. ಅದೇ ಮಾತ್ರೆ ಮುಂದುವರ್ಸಿ" ಎಂದರು.

"ಮತ್ತೆ ಈ ಸುಸ್ತು ಯಾಕೆ ಸಾರ್? ನಾಲ್ಕು ತಿಂಗಳಿಂದ, ಹಿಂದೆ ಆಗಿದ್ದ ಹಂಗೇ ಆಗ್ತಿದೆ. ಇನ್ನೊಂದ್ಸಲ ನೋಡಿ."

ಅವರು ಕತ್ತು ಮುಟ್ಟಿ ನೋಡಿದರು, ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಆಮೇಲೆ ನನ್ನ ಪಕ್ಕದ ಖಾಲಿ ಕುರ್ಚಿ ನೋಡಿ, "ಅತ್ತೆ ಬರ್ಲಿಲ್ವಾ ಇವತ್ತು?" ಎಂದು ಕೇಳಿದರು.

"ಹೋಗ್ಬಿಟ್ರು ಸಾರ್. ನಾಲ್ಕು ತಿಂಗಳಾಯ್ತು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಯಾರದೋ ಮಗು ಕೆಮ್ಮುತ್ತಿತ್ತು.

"ನಾಲ್ಕು ತಿಂಗಳಾಯ್ತು ಸುಸ್ತು ಶುರುವಾಗಿ ಅಂದ್ರಿ" ಎಂದರು.

"ಹೌದು ಸಾರ್."

"ಇದು ಗ್ರಂಥಿ ಅಲ್ಲಮ್ಮ. ಇದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ. ನಿಮಗೆ ಅವರಿಲ್ಲದ ದುಃಖ, ಅಷ್ಟೆ. ಇನ್ನೂ ಸ್ವಲ್ಪ ದಿನ ಇರುತ್ತೆ. ತೀರಾ ಏಳೋಕೇ ಆಗ್ಲಿಲ್ಲ ಅಂದ್ರೆ ಬನ್ನಿ, ನೋಡೋಣ."

ಅವರು ಅಷ್ಟು ಸಾಧಾರಣವಾಗಿ ಹೇಳಿದರು, ನೆಗಡಿ ಎಂದ ಹಾಗೆ. ನಾನು ಲಕೋಟೆ ತೆಗೆದುಕೊಂಡು ಹೊರಗೆ ಬಂದೆ. ಬಸ್‌ಸ್ಟಾಪಿನಲ್ಲಿ, ಅದೇ ಬಸ್‌ಸ್ಟಾಪಿನಲ್ಲಿ, ನಿಂತು ರಿಪೋರ್ಟು ಬಿಚ್ಚಿದೆ. ಸಂಖ್ಯೆ ಎರಡು ಚಿಲ್ಲರೆಯೇ ಇತ್ತು. ಕೂಗಿಲ್ಲ. ಆದರೆ ಸೊನ್ನೆಯೂ ಅಲ್ಲ. ಮೆಲ್ಲಗೆ ಕರೀತಾನೇ ಇರ್ಬೇಕು ಎಂದು ಡಾಕ್ಟರು ಹಿಂದೊಮ್ಮೆ ಹೇಳಿದ್ದು ನೆನಪಾಯಿತು, ಅದಕ್ಕೆ ಅತ್ತೆ ನನ್ನ ಕಡೆ ತಿರುಗಿ "ಕೇಳಿಸ್ಕೊಂಡ್ಯಾ?" ಎಂದದ್ದೂ.

ಆಗ ಅಳು ಬಂತು. ತಡೆಯಲು ಹೋಗಲಿಲ್ಲ. ಹೂ ಮಾರುವ ಹೆಂಗಸೊಬ್ಬಳು, "ಯಾಕಕ್ಕ, ರಿಪೋರ್ಟಲ್ಲಿ ಏನಾದ್ರೂ ಬಂತಾ?" ಎಂದು ಗಾಬರಿಯಿಂದ ಕೇಳಿದಳು. "ಇಲ್ಲಮ್ಮ, ಎಲ್ಲ ಸರಿಯಾಗಿದೆ" ಎಂದೆ. ಎಲ್ಲ ಸರಿಯಿದ್ದೂ ಹೀಗೆ ಅಳುವವಳನ್ನು ಆಕೆ ನೋಡಿರಲಿಲ್ಲವೇನೋ. ನನ್ನ ಬಸ್ಸು ಬರುವವರೆಗೂ ಪಕ್ಕದಲ್ಲೇ ನಿಂತಿದ್ದಳು.

ಇವತ್ತು ಬೆಳಿಗ್ಗೆ ಐದಕ್ಕೆ ಎದ್ದೆ. ಕಾಲು ಇನ್ನೂ ತಣ್ಣಗಿತ್ತು, ಎದೆ ಇನ್ನೂ ಭಾರವಿತ್ತು. ಇರಲಿ, ನನ್ನದೇ ಭಾರ. ಮಾತ್ರೆ ನುಂಗಿ, ಪೊರಕೆಯನ್ನು ಮುಟ್ಟದೆ, ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕೂತೆ. ಯಾರದೋ ಮನೆಯಿಂದ ಡಿಕಾಕ್ಷನ್ನಿನ ಗಮ ಬರುತ್ತಿತ್ತು. ಅತ್ತೆ ಕೂರುತ್ತಿದ್ದ ಜಾಗದಲ್ಲಿ ಕಲ್ಲು ಸವೆದು ಸ್ವಲ್ಪ ನುಣುಪಾಗಿದೆ, ಇಷ್ಟು ದಿನ ಗಮನಿಸಿರಲಿಲ್ಲ. ಅದರ ಮೇಲೆ ಕೈಯಿಟ್ಟುಕೊಂಡು ಅರ್ಧ ಗಂಟೆ ಪೂರ್ತಿ ಕೂತೆ. ಆಮೇಲೆ ಒಳಗೆ ಹೋಗಿ ಕಾಫಿ ಬೆರೆಸಿದೆ.